ಸೆಮಿನಾರಿನಲ್ಲಿ ಹತ್ತು ನಿಮಿಷದ ಮೇಲೆ ಏನೂ ಅರ್ಥವಾಗುವುದಿಲ್ಲ. ಮುಂದಿನ ತಿಂಗಳು ನಾನೇ ಮಾತಾಡಬೇಕು

ಪ್ರಶ್ನೆ:

ನಮಸ್ಕಾರ ಸರ್. ನಾನು ಬಳ್ಳಾರಿಯಲ್ಲಿ ಗಣಿತದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ, ಈಗ ಎರಡನೇ ವರ್ಷ. ಊರು ಸಿರುಗುಪ್ಪ ತಾಲ್ಲೂಕು. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ನನ್ನ ವಿಷಯ ಗ್ರಾಫ್ ಥಿಯರಿ (ಚುಕ್ಕಿಗಳು, ಅವುಗಳನ್ನು ಸೇರಿಸುವ ಗೆರೆಗಳ ಗಣಿತ), ಅದರಲ್ಲೂ ಕನೆಕ್ಟೆಡ್ ಡಾಮಿನೇಷನ್.

ನಮ್ಮ ವಿಭಾಗದಲ್ಲಿ ಶನಿವಾರ ಮಧ್ಯಾಹ್ನ ಸೆಮಿನಾರ್ ಇರುತ್ತದೆ. ಮೊದಲ ಹತ್ತು ನಿಮಿಷ ಅರ್ಥ ಆಗುತ್ತದೆ. ಆಮೇಲೆ ಬೋರ್ಡ್ ಮೇಲಿರುವುದನ್ನು ಸುಮ್ನೆ ಬರೆದುಕೊಳ್ಳುತ್ತಾ ಕೂತಿರುತ್ತೇನೆ. ಕಳೆದ ಸಲ ಬೆಂಗಳೂರಿನಿಂದ ಬಂದವರೊಬ್ಬರು ಆಲ್ಜಿಬ್ರಾಯಿಕ್ ಜಾಮೆಟ್ರಿ (ಸಮೀಕರಣಗಳಿಂದ ಹುಟ್ಟುವ ಆಕಾರಗಳ ಗಣಿತ) ಬಗ್ಗೆ ಮಾತಾಡಿದರು. ಎಲ್ಲರೂ ತಲೆಯಾಡಿಸುತ್ತಿದ್ದರು. ನನ್ನ ತಲೆಗೆ ಒಂದು ಸಾಲೂ ಹತ್ತಲಿಲ್ಲ. ನಾನು ಈ ಕೆಲಸಕ್ಕೆ ತಕ್ಕವಳಲ್ಲವೇನೋ ಅಂತ ಅನ್ನಿಸುತ್ತದೆ.

ಮುಂದಿನ ತಿಂಗಳು ನನ್ನ ಸರದಿ, 50 ನಿಮಿಷ. ಇಂಗ್ಲಿಷಿನಲ್ಲಿ ಅಷ್ಟು ಹೊತ್ತು ಮಾತಾಡಿ ಅಭ್ಯಾಸವಿಲ್ಲ. ಸೀನಿಯರ್ ಒಬ್ಬರು, ‘60 ಸ್ಲೈಡ್ ಮಾಡು, ಬೇಗ ಬೇಗ ಓದು, ಪ್ರಶ್ನೆ ಕೇಳೋಕೆ ಯಾರಿಗೂ ಟೈಮೇ ಇರಲ್ಲ’ ಅಂತಾರೆ. ಇನ್ನೊಬ್ಬರು, ‘ಗ್ರಾಫ್ ಥಿಯರಿ ಏನು ದೊಡ್ಡ ಪ್ಯೂರ್ ಮ್ಯಾಥ್ಸಾ’ ಅಂತ ಕೇಳಿದರು. ಗೊತ್ತಿಲ್ಲದ ಪ್ರಶ್ನೆ ಬಂದರೆ ಏನು ಮಾಡಲಿ? ಕನ್ನಡದಲ್ಲಿ ಮಾತಾಡಬಹುದಾ? ಮುಂದೂಡಿಬಿಡಲಾ?

(ಹೆಸರು ಬೇಡ, ಬಳ್ಳಾರಿ)

ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಸುತ್ತಿಕೊಂಡಿವೆ. ಕೇಳುವಾಗ ಅರ್ಥ ಆಗುತ್ತಿಲ್ಲ ಅನ್ನುವುದು ಒಂದು. ಹೇಳುವಾಗ ಸಿಕ್ಕಿಬೀಳುತ್ತೇನೆ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನೀವು ಕೊಟ್ಟುಕೊಂಡಿರುವ ಕಾರಣ ತಪ್ಪು. ಅದು ತಪ್ಪು ಅಂತ ಮನಸ್ಸಿಗೆ ಬಂದರೆ ಎರಡನೆಯದು ಅರ್ಧ ಹಗುರಾಗುತ್ತದೆ. ಕೇಳುವವರಿಗೆ ಎಲ್ಲಿ ಕೈತಪ್ಪುತ್ತದೆ ಅಂತ ಈಗ ನಿಮಗಿಂತ ಚೆನ್ನಾಗಿ ಬಲ್ಲವರು ನಿಮ್ಮ ವಿಭಾಗದಲ್ಲಿ ಯಾರೂ ಇರಲಿಕ್ಕಿಲ್ಲ. ಆ ತಿಳಿವಳಿಕೆಯಿಂದಲೇ ನಿಮ್ಮ ಮಾತನ್ನು ಕಟ್ಟಬೇಕು.

ತಲೆಯಾಡಿಸುತ್ತಿದ್ದವರ ವಿಚಾರ ಮೊದಲು. ಅವರಲ್ಲಿ ಬಹುಪಾಲು ಜನರಿಗೂ ಇಪ್ಪತ್ತನೇ ನಿಮಿಷದ ಹೊತ್ತಿಗೆ ಎಳೆ ತಪ್ಪಿರುತ್ತದೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ವರ್ಷಗಟ್ಟಲೆ ಆ ಬೆಂಚುಗಳ ಮೇಲೆ ಕೂತು, ಆಮೇಲೆ ಚಹಾ ಕುಡಿಯುತ್ತಾ ಜೊತೆಯವರನ್ನು ಕೇಳಿ ತಿಳಿದ ಮಾತು. ಗಣಿತದ ಸಂಶೋಧನೆ ಎಷ್ಟು ಕವಲೊಡೆದಿದೆ ನೋಡಿ. ಪ್ರಬಂಧಗಳನ್ನು ವಿಂಗಡಿಸಲು ಜಗತ್ತಿನಾದ್ಯಂತ ಬಳಸುವ ಒಂದು ವರ್ಗೀಕರಣ ಇದೆ. ಅದರ 2020ರ ಆವೃತ್ತಿಯಲ್ಲಿ 63 ದೊಡ್ಡ ವಿಭಾಗಗಳಿವೆ. ಅವುಗಳ ಕೆಳಗೆ ಸುಮಾರು ಆರು ಸಾವಿರ ಸಣ್ಣ ವಿಷಯಗಳಿವೆ. ನಿಮ್ಮ ಡಾಮಿನೇಷನ್ ಕೂತಿರುವುದು 05ಸಿ69 ಅನ್ನುವ ಒಂದು ಮೂಲೆಯಲ್ಲಿ. ಆಲ್ಜಿಬ್ರಾಯಿಕ್ ಜಾಮೆಟ್ರಿಗೆ 14 ಅನ್ನುವ ಬೇರೆಯೇ ದೊಡ್ಡ ವಿಭಾಗ ಇದೆ. ಅಲ್ಲಿಂದ ಬಂದವರು ತಮ್ಮ ಭಾಷೆಯಲ್ಲಿ ಮಾತಾಡಿದರೆ ನಿಮಗೆ ಹತ್ತುವುದಿಲ್ಲ. ನಿಮ್ಮ ಗೈಡ್‌ಗೂ ಪೂರ್ತಿ ಹತ್ತಿರಲಿಕ್ಕಿಲ್ಲ. ಮಾತಾಡಿದವರು ನಿಮ್ಮ ಕನೆಕ್ಟೆಡ್ ಡಾಮಿನೇಷನ್ ಕೇಳಲು ಕೂತರೆ ಅವರ ಪಾಡೂ ಇದೇ.

ಹಾಗಾದರೆ ಯಾಕೆ ಹೀಗಾಗುತ್ತದೆ? ಬುದ್ಧಿಯ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಕಾರಣಗಳು ಬೇರೆ ಇವೆ.

ಎಲ್ಲಕ್ಕಿಂತ ದೊಡ್ಡದು ಡೆಫಿನಿಷನ್‌ಗಳ ಸರಪಳಿ. ರಸಾಯನಶಾಸ್ತ್ರದವರು ಒಂದು ಹರಳಿನ ಫೋಟೋ ತೋರಿಸಿ ಮಾತು ಶುರು ಮಾಡಬಹುದು. ಇತಿಹಾಸದವರು ಸಂಡೂರಿನ ಒಂದು ಶಾಸನದ ಚಿತ್ರ ಇಟ್ಟು ಶುರು ಮಾಡಬಹುದು. ಶುದ್ಧ ಗಣಿತದಲ್ಲಿ ಮಾತಾಡುವ ವಸ್ತುವೇ ಕಣ್ಣಿಗೆ ಕಾಣುವುದಿಲ್ಲ. ‘ಸ್ಕೀಮ್’ ಏನು ಅಂತ ತಿಳಿಯಲು ‘ಶೀಫ್’ ಗೊತ್ತಿರಬೇಕು. ಶೀಫ್ ತಿಳಿಯಲು ಟೋಪಾಲಜಿ ಬೇಕು, ಜೊತೆಗೆ ರಿಂಗ್ ಥಿಯರಿ ಬೇಕು. ಇದರಲ್ಲಿ ಒಂದು ಕೊಂಡಿ ಸಡಿಲವಿದ್ದರೂ ಮುಂದಿನದು ಬರೀ ಶಬ್ದವಾಗುತ್ತದೆ. ಎಂ.ಎಸ್ಸಿ.ಯಲ್ಲಿ ರಿಂಗ್ ಥಿಯರಿ ಓದಿದ್ದರೂ, ಹನ್ನೊಂದನೇ ನಿಮಿಷದಲ್ಲಿ ಬಂದ ಹೊಸ ಡೆಫಿನಿಷನ್ ಮನಸ್ಸಿನಲ್ಲಿ ಕೂರಲು ಒಂದೆರಡು ದಿನ ಬೇಕು. ಮಾತಾಡುವವರು ಕೊಡುವುದು ಅರ್ಧ ನಿಮಿಷ.

ಎರಡನೇ ಕಾರಣ ಮಾತಾಡುವವರ ಭಯ. ಕೋಣೆಯಲ್ಲಿ ಮೂವತ್ತು ಜನ ಇದ್ದರೂ ಅವರು ತಯಾರಾಗಿ ಬಂದಿರುವುದು ತಪ್ಪು ಹಿಡಿಯಬಲ್ಲ ಒಬ್ಬರಿಗಾಗಿ. ಆ ಒಬ್ಬರ ಮುಂದೆ ಸಣ್ಣವರಾಗಬಾರದು ಅಂತ ಸುಲಭದ್ದನ್ನೆಲ್ಲ ಬಿಟ್ಟು ಕಷ್ಟದ್ದಕ್ಕೆ ಓಡುತ್ತಾರೆ. ಎಷ್ಟೋ ಸಲ ಆ ಒಬ್ಬರು ಕೋಣೆಯಲ್ಲಿ ಇರುವುದೇ ಇಲ್ಲ.

ನಮ್ಮ ಓದಿನ ಕ್ರಮವೂ ಒಂದು ಕಾರಣ. ಸೆಮಿಸ್ಟರ್ ಪರೀಕ್ಷೆಗೆ ಪ್ರಮೇಯ, ಪ್ರೂಫ್ ಬಾಯಿಪಾಠ ಮಾಡಿ ಬರೆಯುವುದನ್ನು ಕಲಿಸಿದ್ದೇವೆ. ‘ಇದು ಯಾಕೆ ಬೇಕು’, ‘ಇದಕ್ಕೆ ಉದಾಹರಣೆ ಏನು’ ಅಂತ ತಡೆದು ಕೇಳುವುದನ್ನು ಕಲಿಸಿಲ್ಲ. ಇದರ ಹೊಣೆ ವಿದ್ಯಾರ್ಥಿಗಳದ್ದಲ್ಲ, ಕಲಿಸುವ ನಮ್ಮ ಪೀಳಿಗೆಯದ್ದು. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ, ಊಟವಾದ ಮೇಲೆ, ಫ್ಯಾನ್ ಸದ್ದಿನ ನಡುವೆ ಕೂತು ಕೇಳುವ ಕಷ್ಟವನ್ನೂ ಸೇರಿಸಿಕೊಳ್ಳಿ.

ಇಲ್ಲಿ ಒಬ್ಬರ ವಿಚಾರ ಹೇಳಲೇಬೇಕು. ಜೂನ್ ಹು ಎಂಬ ಗಣಿತಜ್ಞರಿಗೆ 2022ರಲ್ಲಿ, ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕ ಬಂತು. ಅವರು ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಓದುತ್ತಿದ್ದಾಗ, ಹಿಂದೆ ಅದೇ ಪದಕ ಪಡೆದಿದ್ದ ಜಪಾನಿನ ಹಿರೊನಾಕಾ ಅಲ್ಲಿ ಆಲ್ಜಿಬ್ರಾಯಿಕ್ ಜಾಮೆಟ್ರಿಯ ಪಾಠ ಮಾಡಲು ಬಂದರು. ಪಾಠ ಕಠಿಣವಾಯಿತು, ಗಣಿತದ ವಿದ್ಯಾರ್ಥಿಗಳೇ ಒಬ್ಬೊಬ್ಬರಾಗಿ ಬಿಟ್ಟು ಹೋದರು. ಉಳಿದ ಬೆರಳೆಣಿಕೆಯ ಜನರಲ್ಲಿ ಹು ಒಬ್ಬರು. ಅವರ ಪದವಿ ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರದ್ದು. ಎಲ್ಲವೂ ಅರ್ಥವಾಗಬೇಕು ಅನ್ನುವ ನಿರೀಕ್ಷೆ ಇಟ್ಟುಕೊಳ್ಳದೆ, ಹಿರೊನಾಕಾ ಕೊಡುತ್ತಿದ್ದ ಸರಳ ಉದಾಹರಣೆಗಳನ್ನು ಹಿಡಿದುಕೊಂಡು ಅವರು ಕೂತರು. ಮುಂದೆ ಅವರಿಗೆ ಹೆಸರು ತಂದ ಮೊದಲ ದೊಡ್ಡ ಕೆಲಸ ಯಾವುದು ಗೊತ್ತಾ? ಗ್ರಾಫ್‌ಗಳ ಕ್ರೊಮ್ಯಾಟಿಕ್ ಪಾಲಿನೋಮಿಯಲ್ (ಪಕ್ಕಪಕ್ಕದ ಚುಕ್ಕಿಗಳಿಗೆ ಒಂದೇ ಬಣ್ಣ ಬಾರದಂತೆ ಎಷ್ಟು ರೀತಿ ಬಣ್ಣ ಹಚ್ಚಬಹುದು ಅಂತ ಹೇಳುವ ಸೂತ್ರ) ಬಗ್ಗೆ ರೀಡ್ ಎಂಬುವರು 1968ರಲ್ಲಿ ಮುಂದಿಟ್ಟಿದ್ದ ಊಹೆಯ ಪ್ರೂಫ್. ಅದಕ್ಕೆ ಅವರು ಬಳಸಿದ್ದು ಆಲ್ಜಿಬ್ರಾಯಿಕ್ ಜಾಮೆಟ್ರಿಯನ್ನು. ನಿಮಗೆ ಒಂದು ಸಾಲೂ ಹತ್ತದ ವಿಷಯವೂ ನಿಮ್ಮದೇ ವಿಷಯವೂ ಒಂದು ಕಡೆ ಕೂಡಿದ್ದು ಹೀಗೆ.

‘ಗ್ರಾಫ್ ಥಿಯರಿ ಪ್ಯೂರ್ ಮ್ಯಾಥ್ಸಾ’ ಅನ್ನುವ ಮಾತಿಗೂ ಇದರಲ್ಲೇ ಉತ್ತರ ಇದೆ. ಇನ್ನೂ ಬೇಕಿದ್ದರೆ, ಗಣಿತದ ಇನ್ನೊಂದು ದೊಡ್ಡ ಗೌರವವಾದ ಆಬೆಲ್ ಪ್ರಶಸ್ತಿ 2012ರಲ್ಲಿ ಸೆಮರೇಡಿ ಅವರಿಗೆ ಬಂತು, 2021ರದ್ದು ಲೊವಾಸ್ ಮತ್ತು ವಿಗ್ಡರ್ಸನ್ ಅವರಿಗೆ. ಗ್ರಾಫ್‌ಗಳನ್ನು ತೆಗೆದುಹಾಕಿದರೆ ಈ ಮೂವರ ಕೆಲಸ ಹೇಳಲಿಕ್ಕೇ ಆಗುವುದಿಲ್ಲ. ಆ ಮಾತನ್ನು ಇಲ್ಲಿಗೆ ಬಿಡಿ.

ಆದರೂ ಒಂದು ಎಚ್ಚರಿಕೆ ಹೇಳಬೇಕು. ಬೇರೆ ಶಾಖೆಯ ಮಾತು ಹತ್ತದಿರುವುದು ಸಹಜ. ನಿಮ್ಮದೇ ಶಾಖೆಯ ಮಾತು, ಎರಡು ವರ್ಷ ಓದಿದ ಮೇಲೂ, ಹತ್ತನೇ ನಿಮಿಷಕ್ಕೆ ಕೈಬಿಡುತ್ತಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಒಂದು ಪರೀಕ್ಷೆ ಮಾಡಿಕೊಳ್ಳಿ. ಗೈಡ್ ಕೊಟ್ಟ ಸಮಸ್ಯೆಯನ್ನು ಒಂದು ಹಾಳೆಯನ್ನೂ ನೋಡದೆ ಎಂ.ಎಸ್ಸಿ. ಹುಡುಗಿಯೊಬ್ಬಳಿಗೆ ವಿವರಿಸಲು ಆಗುತ್ತದಾ? ಆಗದಿದ್ದರೆ ಬುನಾದಿ ಗಟ್ಟಿ ಮಾಡಬೇಕು. ನ್ಯಾಷನಲ್ ಸೆಂಟರ್ ಫಾರ್ ಮ್ಯಾಥಮ್ಯಾಟಿಕ್ಸ್ ನಡೆಸುವ ಆ್ಯನ್ಯುವಲ್ ಫೌಂಡೇಶನ್ ಸ್ಕೂಲ್‌ಗಳು ಇರುವುದೇ ಇದಕ್ಕೆ. ಆಲ್ಜಿಬ್ರಾ, ಅನಾಲಿಸಿಸ್, ಟೋಪಾಲಜಿಯನ್ನು ಕೆಲವು ವಾರ ಕೂರಿಸಿ, ಲೆಕ್ಕ ಮಾಡಿಸಿ ಕಲಿಸುತ್ತಾರೆ. ಅರ್ಜಿ ಹಾಕಿ. ಹೋಗಿ ಬಂದವರು ಆಮೇಲೆ ಸೆಮಿನಾರಿನಲ್ಲಿ ಕೂರುವ ರೀತಿಯೇ ಬೇರೆ ಆಗಿರುವುದನ್ನು ನಾನು ಕಂಡಿದ್ದೇನೆ.

ಕೇಳುವ ವಿಧಾನ ಸ್ವಲ್ಪ ಬದಲಿಸಿ ನೋಡಿ. ಬೋರ್ಡ್ ಮೇಲಿನದ್ದನ್ನೆಲ್ಲ ಬರೆದುಕೊಳ್ಳುವುದನ್ನು ನಿಲ್ಲಿಸಿ. ಬರೆಯುವ ಕೈ ಓಡುತ್ತಿದ್ದರೆ ಯೋಚನೆ ನಿಂತುಹೋಗಿರುತ್ತದೆ. ಹಿಂದಿನ ದಿನ ಅಬ್‌ಸ್ಟ್ರಾಕ್ಟ್ ಓದಿ, ಅದರಲ್ಲಿ ಗೊತ್ತಿಲ್ಲದ ಎರಡು ಪದಗಳನ್ನು ಮಾತ್ರ ಹುಡುಕಿಕೊಂಡು ಬನ್ನಿ. ಮಾತು ನಡೆಯುವಾಗ ಮೂರೇ ವಿಷಯ ಬರೆದುಕೊಳ್ಳಿ: ಒಂದು ಉದಾಹರಣೆ, ಒಂದು ಪ್ರಮೇಯದ ಹೇಳಿಕೆ, ಒಂದು ಪ್ರಶ್ನೆ. ಅಷ್ಟು ಸಿಕ್ಕಿದರೆ ಆ ಶನಿವಾರ ದಂಡವಾಗಲಿಲ್ಲ.

ಪ್ರಶ್ನೆಯನ್ನು ಬೇಗ ಕೇಳಬೇಕು. ಕೊನೆಗೆ ‘ಎನಿ ಕ್ವಶ್ಚನ್ಸ್’ ಅಂದಾಗ ಕೋಣೆ ಸುಮ್ಮನಾಗುವುದು ಯಾಕೆಂದರೆ ಅಷ್ಟು ಹೊತ್ತಿಗೆ ಪ್ರಶ್ನೆ ಕೇಳುವಷ್ಟು ಅರ್ಥವಾದವರು ಉಳಿದಿರುವುದಿಲ್ಲ. ಐದನೇ ಅಥವಾ ಹತ್ತನೇ ನಿಮಿಷದಲ್ಲಿ, ‘ಸರ್, ಇದಕ್ಕೊಂದು ಸಣ್ಣ ಉದಾಹರಣೆ ಕೊಡ್ತೀರಾ?’ ಅಂತ ಕೇಳಿ. ಈ ಪ್ರಶ್ನೆಗೆ ಯಾವ ಸಿದ್ಧತೆಯೂ ಬೇಕಿಲ್ಲ. ಒಳ್ಳೆಯ ಮಾತುಗಾರರು ಇದಕ್ಕೆ ಖುಷಿಪಡುತ್ತಾರೆ. ಕೋಣೆಯಲ್ಲಿ ಇನ್ನೂ ಹತ್ತು ಜನಕ್ಕೆ ಉಪಕಾರ ಆಗುತ್ತದೆ. ಅಪಾಯವೂ ಇದೆ, ಮುಚ್ಚಿಡುವುದಿಲ್ಲ. ಕೆಲವರು ‘ಅದು ಟ್ರಿವಿಯಲ್’ ಅಂತ ಮುಂದೆ ಹೋಗಿಬಿಡುತ್ತಾರೆ, ಮುಖ ಸಣ್ಣದಾಗುತ್ತದೆ. ಆಗ ವಾದ ಬೇಡ. ಚಹಾ ಹೊತ್ತಿನಲ್ಲಿ ಹೋಗಿ ಅದೇ ಪ್ರಶ್ನೆ ಕೇಳಿ. ಬೋರ್ಡ್ ಮುಂದೆ ಬಿಗಿಯಾಗಿದ್ದವರು ಕಪ್ ಕೈಗೆ ಬಂದ ಮೇಲೆ ಕಾಗದದ ಚೂರಿನ ಮೇಲೆ ಚೆನ್ನಾಗಿ ಬಿಡಿಸಿ ಹೇಳುತ್ತಾರೆ.

ಮಾಸ್ಕೋದಲ್ಲಿ ಇಸ್ರೇಲ್ ಗೆಲ್ಫಾಂಡ್ ಎಂಬ ಗಣಿತಜ್ಞರು 1943ರಲ್ಲಿ ಶುರು ಮಾಡಿದ ಸೋಮವಾರದ ಸೆಮಿನಾರ್ ಗಣಿತಲೋಕದಲ್ಲಿ ಬಹಳ ಹೆಸರುವಾಸಿ. ಅಲ್ಲಿ ಗೆಲ್ಫಾಂಡ್ ಮಾತಾಡುವವರನ್ನು ನಡುವೆ ನಿಲ್ಲಿಸಿ, ಕೇಳುತ್ತಿದ್ದ ಯಾರನ್ನಾದರೂ ಎಬ್ಬಿಸಿ, ‘ಇಲ್ಲಿವರೆಗೆ ಏನು ಹೇಳಿದರು, ನೀನು ಹೇಳು’ ಅಂತ ಕೇಳುತ್ತಿದ್ದರಂತೆ. ಅಷ್ಟು ಕಟುವಾದ ರೀತಿ ನಮ್ಮಲ್ಲಿ ಬೇಡ, ಅದರಿಂದ ನೊಂದವರೂ ಇದ್ದರು. ಆದರೆ ಕೇಳುವವರಿಗೆ ತಲುಪದಿದ್ದರೆ ಮಾತು ಮುಂದೆ ಹೋಗಬಾರದು ಅನ್ನುವ ಆ ಹಟ ನನಗೆ ಇಷ್ಟ.

ಇನ್ನು ನಿಮ್ಮ ಮಾತು.

ಮೊದಲು ಒಂದು ಗೊಂದಲ ಬಿಡಿಸಬೇಕು. ವಿಭಾಗದ ಸೆಮಿನಾರ್ ಬೇರೆ, ರಿಸರ್ಚ್ ಅಡ್ವೈಸರಿ ಕಮಿಟಿ ಮುಂದೆ ಮಾಡುವ ಪ್ರೆಸೆಂಟೇಷನ್ ಬೇರೆ. ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳ ಪ್ರಕಾರ ಪ್ರತಿ ಸೆಮಿಸ್ಟರ್ ಆ ಕಮಿಟಿ ಮುಂದೆ ನಿಮ್ಮ ಪ್ರಗತಿ ತೋರಿಸಬೇಕು. ಅಲ್ಲಿ ಏನೇನು ಮಾಡಿದಿರಿ, ಎಷ್ಟು ಮಾಡಿದಿರಿ ಅನ್ನುವ ಲೆಕ್ಕ ಬೇಕು. ಸೆಮಿನಾರಿನಲ್ಲಿ ಆ ಲೆಕ್ಕ ಯಾರಿಗೂ ಬೇಡ. ಅಲ್ಲಿ ಕೂತಿರುವವರು ಒಂದು ಹೊಸ ವಿಷಯ ತಿಳಿದು ಮನೆಗೆ ಹೋದರೆ ಸಾಕು. ಕಮಿಟಿಗೆ ಮಾಡಿದ ಸ್ಲೈಡುಗಳನ್ನೇ ಸೆಮಿನಾರಿಗೂ ತರುವುದರಿಂದಲೇ ನಮ್ಮ ಕಡೆ ಎಷ್ಟೋ ಮಾತು ಕೆಡುತ್ತವೆ.

60 ಸ್ಲೈಡಿನ ಸಲಹೆ ಕೊಟ್ಟ ನಿಮ್ಮ ಸೀನಿಯರ್ ಕೆಟ್ಟವರಲ್ಲ, ಅವರೂ ಹೆದರಿದ್ದಾರೆ. ಆದರೆ ಆ ಸಲಹೆ ಬೇಡ. ಪ್ರಶ್ನೆ ತಪ್ಪಿಸಿಕೊಳ್ಳಬಹುದು, ನಿಜ. ಅದರ ಜೊತೆಗೆ ನಿಮ್ಮ ಪ್ರೂಫಿನಲ್ಲಿ ಇರಬಹುದಾದ ತಪ್ಪನ್ನು ಹಿಡಿಯುವವರನ್ನೂ ತಪ್ಪಿಸಿಕೊಂಡಂತಾಗುತ್ತದೆ. ಆ ತಪ್ಪು ನಿಮ್ಮ ವಿಭಾಗದಲ್ಲೇ ಶನಿವಾರ ಮಧ್ಯಾಹ್ನ ಸಿಕ್ಕರೆ ಭಾನುವಾರ ಸರಿಮಾಡಬಹುದು. ಥೀಸಿಸ್ ಪರೀಕ್ಷಕರ ಕೈಗೆ ಸಿಕ್ಕರೆ ವರ್ಷ ಹೋಗುತ್ತದೆ.

ಬೋರ್ಡ್ ಬಳಸಿ. ಚಾಕ್‌ಪೀಸ್ ಹಿಡಿದವರು ತಾವು ಬರೆಯುವ ವೇಗಕ್ಕಿಂತ ಜಾಸ್ತಿ ಓಡಲು ಆಗುವುದಿಲ್ಲ, ಕೇಳುವವರಿಗೆ ಅಷ್ಟೇ ವೇಗ ಬೇಕು. ಕರೆಂಟ್ ಹೋದರೂ ಮಾತು ನಿಲ್ಲುವುದಿಲ್ಲ. ದೊಡ್ಡ ಗ್ರಾಫಿನ ಚಿತ್ರ ಅಥವಾ ಉದ್ದದ ಟೇಬಲ್ ಇದ್ದರೆ ಅದಕ್ಕಷ್ಟೇ ಎರಡು ಮೂರು ಸ್ಲೈಡ್ ಇಟ್ಟುಕೊಳ್ಳಿ. ಬೋರ್ಡಿನ ಅಪಾಯ ಒಂದೇ, ಕೇಳುವವರಿಗೆ ಬೆನ್ನು ಹಾಕಿ ಗೋಡೆಗೆ ಮಾತಾಡುವ ಚಾಳಿ. ಒಂದು ಸಾಲು ಬರೆದು, ತಿರುಗಿ, ಆಮೇಲೆ ಬಾಯಿ ತೆರೆಯಿರಿ.

50 ನಿಮಿಷಕ್ಕೆ ಎಷ್ಟು ವಿಷಯ ಬೇಕು? ನೀವು ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ. 1900ರಲ್ಲಿ ಪ್ಯಾರಿಸ್ಸಿನ ಗಣಿತ ಸಮ್ಮೇಳನದಲ್ಲಿ ಜರ್ಮನಿಯ ಗಣಿತಜ್ಞ ಹಿಲ್ಬರ್ಟ್, ಇನ್ನೂ ಬಿಡಿಸದ ಸಮಸ್ಯೆಗಳ ಬಗ್ಗೆ ಮಾಡಿದ ಭಾಷಣ ಬಹಳ ಪ್ರಸಿದ್ಧ. ಅಚ್ಚಾದ 23 ಸಮಸ್ಯೆಗಳಲ್ಲಿ ಆ ದಿನ ಅವರು ವೇದಿಕೆ ಮೇಲೆ ಹೇಳಿದ್ದು 10 ಮಾತ್ರ. ನಿಮಗೆ ಒಂದು ಪ್ರಮೇಯ ಸಾಕು.

ಯಾವುದು ಅಂತ ನನ್ನನ್ನು ಕೇಳಿದರೆ ಹೀಗೆ ಮಾಡಿ ಅನ್ನುತ್ತೇನೆ. ಬೋರ್ಡ್ ಮೇಲೆ ಒಂದು ಗೆರೆ ಎಳೆದು ಒಂಬತ್ತು ಚುಕ್ಕಿ ಇಡಿ. ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದರ ಪಕ್ಕ ಒಂದು ಒಂಬತ್ತು ಊರು ಅಂದುಕೊಳ್ಳಿ ಅಂತ ಹೇಳಿ. ಪ್ರತಿ ಊರಿನಲ್ಲಿ, ಇಲ್ಲವೇ ಅದರ ಪಕ್ಕದ ಊರಿನಲ್ಲಿ ಒಂದು ಆಂಬುಲೆನ್ಸ್ ಇರಬೇಕು. ಕನಿಷ್ಠ ಎಷ್ಟು ಬೇಕು? ಎಂ.ಎಸ್ಸಿ. ವಿದ್ಯಾರ್ಥಿಗಳೇ ಉತ್ತರ ಹೇಳುತ್ತಾರೆ: ಎರಡು, ಐದು, ಎಂಟನೇ ಊರು, ಒಟ್ಟು 3. ಇದೇ ಡಾಮಿನೇಷನ್ ನಂಬರ್. ಆಮೇಲೆ ಪ್ರಶ್ನೆಯನ್ನು ಸ್ವಲ್ಪ ಬದಲಿಸಿ. ಆಂಬುಲೆನ್ಸ್ ಬದಲು ಸಿಗ್ನಲ್ ಟವರ್. ಒಂದು ಟವರಿನಿಂದ ಪಕ್ಕದ ಊರಿನ ಟವರಿಗೆ ಮಾತ್ರ ಸಿಗ್ನಲ್ ದಾಟುತ್ತದೆ, ಎಲ್ಲ ಟವರುಗಳೂ ಒಂದಕ್ಕೊಂದು ಸೇರಿರಬೇಕು. ಈಗ ಎಷ್ಟು? ಎರಡು ತುದಿಯ ಊರು ಬಿಟ್ಟು ಉಳಿದ 7 ಊರಿನಲ್ಲೂ ಬೇಕು. ಇದು ಕನೆಕ್ಟೆಡ್ ಡಾಮಿನೇಷನ್. 3 ಇದ್ದದ್ದು 7 ಆಯಿತು. ಡೆಫಿನಿಷನ್ ಬರೆಯುವ ಮೊದಲೇ ಅದು ಯಾಕೆ ಬೇಕು ಅಂತ ಕೋಣೆಗೆ ತಿಳಿದಿರುತ್ತದೆ. ವೈರ್‌ಲೆಸ್ ನೆಟ್‌ವರ್ಕಿನವರು ಈ ಕಲ್ಪನೆಯನ್ನು ನಿಜವಾಗಿ ಬಳಸುತ್ತಾರೆ ಅಂತಲೂ ಸೇರಿಸಿ.

ಇಲ್ಲಿ ಎರಡು ನಿಮಿಷ ಚರಿತ್ರೆಗೆ ಕೊಡಿ. ಚೆಸ್ ಬೋರ್ಡಿನ 64 ಮನೆಗಳನ್ನೂ ಕಾಯಲು ಕನಿಷ್ಠ 5 ಕ್ವೀನ್ ಬೇಕು ಅನ್ನುವ ಹಳೆಯ ಲೆಕ್ಕದಿಂದ ಈ ವಿಷಯ ಹುಟ್ಟಿತು. ‘ಡಾಮಿನೇಷನ್’ ಅಂತ ಹೆಸರಿಟ್ಟವರು ಓರ್ ಎಂಬ ಗಣಿತಜ್ಞರು, 1962ರಲ್ಲಿ. ಕನೆಕ್ಟೆಡ್ ಡಾಮಿನೇಷನ್ ನಂಬರನ್ನು 1979ರಲ್ಲಿ ಜಗತ್ತಿನ ಮುಂದಿಟ್ಟವರು ನಮ್ಮವರೇ, ಧಾರವಾಡದ ಇ. ಸಂಪತ್‌ಕುಮಾರ್ ಮತ್ತು ಎಚ್.ಬಿ. ವಾಲೀಕಾರ್. ಕಲಬುರಗಿಯಲ್ಲಿ ವಿ.ಆರ್. ಕುಲ್ಲಿ ಡಾಮಿನೇಷನ್‌ನ ಬೇರೆ ಬೇರೆ ಬಗೆಗಳ ಮೇಲೆ ಬಹಳ ಕೆಲಸ ಮಾಡಿದರು. 2010ರಲ್ಲಿ ಬಳ್ಳಾರಿಗೆ ಸ್ವಂತ ವಿಶ್ವವಿದ್ಯಾಲಯ ಬರುವ ತನಕ ನಮ್ಮ ಜಿಲ್ಲೆಯ ಕಾಲೇಜುಗಳು ಗುಲ್ಬರ್ಗ ವಿಶ್ವವಿದ್ಯಾಲಯದ ಕೆಳಗೇ ಇದ್ದವು. ನೀವು ಕೆಲಸ ಮಾಡುತ್ತಿರುವ ವಿಷಯ ಈ ನೆಲದ್ದು. ಅದನ್ನು ತಲೆ ಎತ್ತಿ ಹೇಳಿ.

ಆಮೇಲೆ ಪ್ರಮೇಯ. ಕನಿಷ್ಠ ಮೂರು ವರ್ಟೆಕ್ಸ್ (ಚುಕ್ಕಿ) ಇರುವ, ಬಿಡಿ ತುಂಡುಗಳಿಲ್ಲದ ಕನೆಕ್ಟೆಡ್ ಗ್ರಾಫ್ ತೆಗೆದುಕೊಳ್ಳಿ. ಅದರ ಸ್ಪ್ಯಾನಿಂಗ್ ಟ್ರೀಗಳಲ್ಲಿ (ಎಲ್ಲ ಚುಕ್ಕಿಗಳನ್ನೂ ಸುತ್ತು ಇಲ್ಲದೆ ಸೇರಿಸುವ ಗೆರೆಗಳ ಜಾಲ) ಅತಿ ಹೆಚ್ಚು ಎಲೆ, ಅಂದರೆ ಒಂದೇ ಗೆರೆ ತಾಗುವ ತುದಿ ಚುಕ್ಕಿ, ಇರುವ ಟ್ರೀ ಹುಡುಕಿ. ಒಟ್ಟು ವರ್ಟೆಕ್ಸ್‌ಗಳಿಂದ ಆ ಎಲೆಗಳ ಸಂಖ್ಯೆ ಕಳೆದರೆ ಬರುವುದೇ ಕನೆಕ್ಟೆಡ್ ಡಾಮಿನೇಷನ್ ನಂಬರ್. ಒಂಬತ್ತು ಊರಿನ ರಸ್ತೆಗೆ ತುದಿ ಎರಡು, 9ರಲ್ಲಿ 2 ಕಳೆದರೆ 7. ಬೋರ್ಡ್ ಮೇಲೆ ಆಗಲೇ ಇರುವ ಚಿತ್ರವೇ ಸಾಕ್ಷಿ ಹೇಳುತ್ತದೆ. ಪ್ರೂಫ್ ಕೂಡ ಏಳೆಂಟು ನಿಮಿಷದ್ದು. ಟ್ರೀಯಲ್ಲಿ ಎಲೆಗಳನ್ನು ಬಿಟ್ಟು ಉಳಿದ ವರ್ಟೆಕ್ಸ್‌ಗಳು ಒಂದಕ್ಕೊಂದು ಸೇರಿರುತ್ತವೆ, ಪ್ರತಿ ಎಲೆಗೂ ಅವುಗಳಲ್ಲಿ ಒಂದು ಪಕ್ಕದಲ್ಲಿರುತ್ತದೆ. ಹಾಗಾಗಿ ಅದು ಕನೆಕ್ಟೆಡ್ ಡಾಮಿನೇಟಿಂಗ್ ಸೆಟ್. ತಿರುಗಿಸಿ ನೋಡಿದರೆ, ಅಂಥ ಸೆಟ್ ಒಂದು ಕೊಟ್ಟಾಗ ಅದರೊಳಗೆ ಒಂದು ಟ್ರೀ ಎಳೆದು, ಹೊರಗಿನ ಒಂದೊಂದು ವರ್ಟೆಕ್ಸನ್ನೂ ಎಲೆಯಾಗಿ ಅಂಟಿಸಬಹುದು. ಮುಗಿಯಿತು. ಈ ಪ್ರೂಫ್ ಅರ್ಥವಾದ ಎಂ.ಎಸ್ಸಿ. ವಿದ್ಯಾರ್ಥಿಯ ಮುಖ ನೋಡಿ, ನಿಮ್ಮ ಅರ್ಧ ಭಯ ಅಲ್ಲೇ ಹೋಗುತ್ತದೆ.

ಇಷ್ಟಕ್ಕೆ ಅರ್ಧ ಗಂಟೆ. ಕೊನೆಯ ಹದಿನೈದು ನಿಮಿಷ ನಿಮ್ಮ ಸ್ವಂತ ಫಲಿತಾಂಶಕ್ಕೆ. ಹೇಳಿಕೆ ಪೂರ್ತಿ ಬರೆಯಿರಿ, ಒಂದು ಸಣ್ಣ ಗ್ರಾಫಿನಲ್ಲಿ ಲೆಕ್ಕ ಹಾಕಿ ತೋರಿಸಿ, ಪ್ರೂಫಿನಲ್ಲಿ ಇರುವ ಒಂದೇ ಒಂದು ಮುಖ್ಯ ಉಪಾಯ ಯಾವುದು ಅಂತ ಹೇಳಿ. ಪೂರ್ತಿ ಪ್ರೂಫ್ ಬೇಡ. ಬೇಕಾದವರು ಆಮೇಲೆ ಕೇಳುತ್ತಾರೆ, ಆಗ ನಿಮ್ಮ ಹಾಳೆಗಳನ್ನು ಕೊಡಿ.

ಈಗ ಸ್ವಲ್ಪ ಕಷ್ಟದ ಮಾತು. ನಿಮಗೆ ಬರಬಹುದಾದ ಅತಿ ಕಠಿಣ ಪ್ರಶ್ನೆ ಪ್ರೂಫಿನ ಒಳಗಿನದ್ದು ಆಗಿರಲಿಕ್ಕಿಲ್ಲ. ‘ಈ ಹೊಸ ಪ್ಯಾರಾಮೀಟರ್ ಯಾಕೆ ಬೇಕು?’ ಅನ್ನುವುದೇ ಆ ಪ್ರಶ್ನೆ. ಡಾಮಿನೇಷನ್‌ನಲ್ಲಿ ನೂರಾರು ಬಗೆಗಳು ಹುಟ್ಟಿಕೊಂಡಿವೆ. ಹಳೆಯ ಡೆಫಿನಿಷನ್‌ಗೆ ಒಂದು ಶರತ್ತು ಸೇರಿಸುವುದು, ಪಾತ್, ಸೈಕಲ್, ಕಂಪ್ಲೀಟ್ ಗ್ರಾಫ್‌ಗಳಿಗೆ ಅದರ ಬೆಲೆ ಕಂಡುಹಿಡಿಯುವುದು, ಒಂದೆರಡು ಬೌಂಡ್ ಬರೆಯುವುದು, ದುಡ್ಡು ತೆಗೆದುಕೊಂಡು ಏನು ಕೊಟ್ಟರೂ ಅಚ್ಚು ಹಾಕುವ ಜರ್ನಲ್‌ಗೆ ಕಳಿಸುವುದು. ಇದು ನಮ್ಮಲ್ಲಿ ಜಾಸ್ತಿ ಆಗಿದೆ. ಹೀಗೆ ಮಾಡಿದ ಕೆಲಸದಿಂದ ಪದವಿ ಸಿಗಬಹುದು. ಆದರೆ ಅದು ಮಾಡಿದವರಿಗೇ ಸಂತೋಷ ಕೊಡುವುದಿಲ್ಲ. ಅಂಥವರ ಜೊತೆ ನಾನು ಬಹಳ ಮಾತಾಡಿದ್ದೇನೆ, ಅವರ ಬೇಸರ ನನಗೆ ಗೊತ್ತು.

ನಿಮ್ಮ ಫಲಿತಾಂಶ ಆ ಬಗೆಯದ್ದೇ ಅಂತ ನಾನು ಹೇಳುತ್ತಿಲ್ಲ, ಅದನ್ನು ನಾನು ನೋಡಿಲ್ಲ. ಸೆಮಿನಾರಿಗೆ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ. ನನ್ನ ಸಂಖ್ಯೆ ಬೇರೆ ಯಾವುದಾದರೂ ವಿಷಯಕ್ಕೆ ನಂಟು ಹಾಕುತ್ತದಾ? ಮೇಲಿನ ಪ್ರಮೇಯ ಡಾಮಿನೇಷನ್ನನ್ನು ಸ್ಪ್ಯಾನಿಂಗ್ ಟ್ರೀಗೆ ಕಟ್ಟಿತು, ಅದಕ್ಕೇ ಅದು ಬಾಳಿತು. ನಿಮ್ಮದಕ್ಕೆ ಅಂಥ ನಂಟು ಇದ್ದರೆ ಮಾತಿನ ಮುಂಚೂಣಿಗೆ ತನ್ನಿ. ಇನ್ನೂ ಸಿಕ್ಕಿಲ್ಲದಿದ್ದರೆ, ‘ಇದಕ್ಕೆ ಉತ್ತರ ಹುಡುಕುತ್ತಿದ್ದೇನೆ’ ಅಂತ ಬಾಯಿಬಿಟ್ಟು ಹೇಳಿ. ಗೈಡ್‌ಗೆ ಮುಜುಗರ ಆಗಬಹುದು. ಅದಕ್ಕೇ ಅವರ ಜೊತೆ ಮುಂಚೆಯೇ ಕೂತು ಈ ಪ್ರಶ್ನೆ ಮಾತಾಡಿಕೊಳ್ಳಿ, ಎಲ್ಲರೆದುರು ಮೊದಲ ಸಲ ಎತ್ತಬೇಡಿ.

ಗೊತ್ತಿಲ್ಲದ ಪ್ರಶ್ನೆ ಬಂದರೆ ‘ಗೊತ್ತಿಲ್ಲ’ ಅನ್ನಿ. ಆಮೇಲೆ ಆ ಪ್ರಶ್ನೆಯನ್ನು ಎಲ್ಲರಿಗೂ ಕಾಣುವಂತೆ ಬೋರ್ಡಿನ ಮೂಲೆಯಲ್ಲಿ ಬರೆಯಿರಿ. ಕೇಳಿದವರಿಗೆ ಗೌರವ ಸಿಗುತ್ತದೆ, ನಿಮಗೆ ಉಸಿರಾಡಲು ಅರ್ಧ ನಿಮಿಷ ಸಿಗುತ್ತದೆ. ಗೊತ್ತಿಲ್ಲದ್ದು ಗಣಿತದಲ್ಲಿ ಎಲ್ಲ ಕಡೆ ಇದೆ. ಎರಡು ಗ್ರಾಫ್‌ಗಳ ಕಾರ್ಟೀಸಿಯನ್ ಪ್ರಾಡಕ್ಟಿನ (ಒಂದರ ಒಂದೊಂದು ವರ್ಟೆಕ್ಸಿನ ಜಾಗದಲ್ಲೂ ಇನ್ನೊಂದರ ನಕಲು ಇಟ್ಟು ಕಟ್ಟುವ ದೊಡ್ಡ ಗ್ರಾಫ್) ಡಾಮಿನೇಷನ್ ನಂಬರ್, ಆ ಎರಡರ ನಂಬರುಗಳ ಗುಣಲಬ್ಧಕ್ಕಿಂತ ಕಡಿಮೆ ಆಗುವುದಿಲ್ಲ ಅಂತ ವಿಜಿಂಗ್ ಎಂಬ ಗಣಿತಜ್ಞರು 1968ರಲ್ಲಿ ಊಹಿಸಿದರು. ಗುಣಲಬ್ಧದ ಅರ್ಧಕ್ಕಿಂತ ಕಡಿಮೆ ಆಗುವುದಿಲ್ಲ ಅಂತ 2000ದಲ್ಲಿ ಕ್ಲಾರ್ಕ್ ಮತ್ತು ಸೂಯೆನ್ ತೋರಿಸಿದರು. ಪೂರ್ತಿ ಊಹೆ ಇವತ್ತಿಗೂ ಹಾಗೇ ನಿಂತಿದೆ. ಇದನ್ನು ಕೊನೆಯ ಮೂರು ನಿಮಿಷಕ್ಕೆ ಇಟ್ಟುಕೊಂಡರೂ ಚೆನ್ನ.

ಭಾಷೆ. ಕನ್ನಡದಲ್ಲಿ ಮಾತಾಡಬಹುದು, ನನ್ನ ಮಟ್ಟಿಗೆ ಅದರಲ್ಲಿ ಯಾವ ಕೀಳೂ ಇಲ್ಲ. ಆದರೆ ನಮ್ಮ ಊರು ಗಡಿಯ ಊರು. ಕೋಣೆಯಲ್ಲಿ ತೆಲುಗಿನವರು ಇರುತ್ತಾರೆ, ಹೊರಗಿನಿಂದ ಅತಿಥಿ ಬಂದಿರಬಹುದು, ಕನ್ನಡ ಬಾರದವರು ಹೊರಗುಳಿಯುತ್ತಾರೆ. ಪೂರ್ತಿ ಇಂಗ್ಲಿಷ್ ಹಿಡಿದರೆ, ನಿಮ್ಮ ಗಮನವೆಲ್ಲ ವಾಕ್ಯದ ಮೇಲೆ ಹೋಗಿ ಗಣಿತ ಹಿಂದೆ ಬೀಳುತ್ತದೆ. ನಾನು ಹೇಳುವುದು ನಡುದಾರಿ. ಬೋರ್ಡ್ ಮೇಲೆ ಬರೆಯುವುದೆಲ್ಲ ಇಂಗ್ಲಿಷಿನಲ್ಲಿ ಇರಲಿ. ವಿವರಣೆ ಕನ್ನಡ, ಇಂಗ್ಲಿಷ್ ಬೆರೆಸಿ ಮಾಡಿ. ಸೆಮಿನಾರ್ ನಡೆಸುವವರನ್ನು ಮೊದಲೇ ಕೇಳಿ ಒಪ್ಪಿಗೆ ತೆಗೆದುಕೊಳ್ಳಿ. ಅವರು ಇಂಗ್ಲಿಷೇ ಬೇಕು ಅಂದರೆ ಮೊದಲ ಐದು ವಾಕ್ಯ, ಕೊನೆಯ ಮೂರು ವಾಕ್ಯ ಬರೆದು ಬಾಯಿಪಾಠ ಮಾಡಿ. ನಡುವಿನದ್ದನ್ನು ಚಿತ್ರ, ಚಿಹ್ನೆಗಳು ನಡೆಸುತ್ತವೆ. ಗಣಿತಕ್ಕೆ ಬೇಕಾದ ಇಂಗ್ಲಿಷ್ ಸಣ್ಣದು. ‘ಲೆಟ್’, ‘ಸಪೋಸ್’, ‘ಸಿನ್ಸ್’, ‘ದೇರ್‌ಫೋರ್’ ನಿಮಗೆ ಆಗಲೇ ಬರುತ್ತದೆ. ವ್ಯಾಕರಣ ತಪ್ಪಿದರೆ ಪ್ರಮೇಯ ತಪ್ಪಾಗುವುದಿಲ್ಲ.

ಮುಂದೂಡುವ ಯೋಚನೆ ಬೇಡ. ಆರೋಗ್ಯ ಸರಿ ಇಲ್ಲದಿದ್ದರೆ, ಅಥವಾ ಪ್ರೂಫಿನಲ್ಲಿ ನಿಜಕ್ಕೂ ತೂತು ಕಂಡಿದ್ದರೆ ಬೇರೆ ಮಾತು. ಪ್ರೂಫಿನಲ್ಲಿ ತೂತು ಇದ್ದರೂ ಒಂದು ದಾರಿ ಇದೆ. ಸ್ವಂತ ಫಲಿತಾಂಶ ಬಿಟ್ಟು, ಬೇರೆಯವರ ಒಂದು ಒಳ್ಳೆಯ ಪ್ರಬಂಧವನ್ನು ವಿವರಿಸಿ, ವಿಷಯ ಅವರದ್ದು ಅಂತ ಹೇಳಿಯೇ ಮಾಡಿ. ಬರೀ ಭಯಕ್ಕೆ ಮುಂದೂಡಿದರೆ ಆ ಭಯ ಮುಂದಿನ ಸೆಮಿಸ್ಟರಿಗೂ ಹಾಗೇ ಇರುತ್ತದೆ, ಆಗ ಕಮಿಟಿಯ ಪ್ರೆಸೆಂಟೇಷನ್ನೂ ಜೊತೆಗೆ ಬರುತ್ತದೆ.

ಈ ವಾರವೇ ಒಂದು ಕೆಲಸ ಮಾಡಿ. ಸಂಜೆ ಹೊತ್ತು ಒಂದು ಖಾಲಿ ಕ್ಲಾಸ್‌ರೂಮ್ ಕೇಳಿಕೊಂಡು, ಗ್ರಾಫ್ ಥಿಯರಿ ಗೊತ್ತಿಲ್ಲದ ಇಬ್ಬರು ಸಹಪಾಠಿಗಳನ್ನು ಕೂರಿಸಿ, ಮೊಬೈಲಿನಲ್ಲಿ ಟೈಮ್ ಇಟ್ಟು ಪೂರ್ತಿ ಮಾತಾಡಿ. ಅರ್ಥವಾಗದ ಕ್ಷಣದಲ್ಲಿ ಅವರು ಕೈ ಎತ್ತಬೇಕು, ಅಷ್ಟೇ ಅವರ ಕೆಲಸ. ಕೈ ಎತ್ತಿದ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಮೊದಲ ಸಲ ಬಹುಶಃ 50 ನಿಮಿಷ ಮೀರುತ್ತದೆ. ಗುರುತು ಹಾಕಿದ ಕಡೆ ಇನ್ನಷ್ಟು ವಿವರ ಸೇರಿಸಿ, ಬೇರೆ ಕಡೆ ಕಡಿಮೆ ಮಾಡಿ, 45ಕ್ಕೆ ತನ್ನಿ. ಉಳಿದ 5 ನಿಮಿಷ ಪ್ರಶ್ನೆಗಳಿಗೆ ಬೇಕು. ಆ ಪಟ್ಟಿ ಹಿಡಿದುಕೊಂಡು ಗೈಡ್ ಹತ್ತಿರ ಹೋಗಿ, ಏನೇನು ಬಿಡುತ್ತಿದ್ದೀರಿ, ಯಾಕೆ ಬಿಡುತ್ತಿದ್ದೀರಿ ಅಂತ ಹೇಳಿ ಅವರ ಒಪ್ಪಿಗೆ ಪಡೆಯಿರಿ.